ಗೇಜಿನ ಮುಳ್ಳು ನಂಬಿ ಒಳ್ಳೇ ಪಂಪ್ ಬಿಚ್ಚಿದ ಕಥೆ

ಕಲಬುರಗಿಯ ಹುಮನಾಬಾದ್ ರಸ್ತೆ ಕಡೆ ಒಂದು ಗ್ಯಾರೇಜಿನಲ್ಲಿ ನನ್ನ ಕೆಲಸ. ಮೇ ತಿಂಗಳಲ್ಲಿ ಶಹಾಬಾದಿನ ಹುಡುಗನೊಬ್ಬ ಹಳೇ ಪೆಟ್ರೋಲ್ ಸೆಡಾನ್ ತಂದ. ಪವರ್ ಹೆಚ್ಚಲಿ ಅಂತ ಕ್ಯಾಮ್, ಹೆಡರ್, ದೊಡ್ಡ ಇಂಜೆಕ್ಟರ್ (ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ನಳಿಕೆ) ಎಲ್ಲಾ ಹಾಕಿಸಿದ್ದ. ಅದರ ಸೈಲೆನ್ಸರ್ ಸದ್ದಿಗೆ ನಮ್ಮ ಗ್ಯಾರೇಜಿನ ನಾಯಿ ಎದ್ದು ಹೊರಗೆ ಹೋಯಿತು.

"ಅಣ್ಣಾ, ಜೋರ್ ಎಳದ್ರ ಗಾಡಿ ಹಿಂದ ಜಗ್ಗಿದಂಗ ಆಗ್ತದ್ರಿ. ಪೆಟ್ರೋಲ್ ಸಾಲವಲ್ದು ಅನಸ್ತದ. ಒಂದು ಪ್ರೆಶರ್ ಗೇಜ್ ಕೂಡಿಸಿಬಿಡ್ರಿ."

ಗೇಜ್ ಅವನೇ ತಂದಿದ್ದ. ಒಳಗೆ ಗ್ಲಿಸರಿನ್ ತುಂಬಿದ ಗುಂಡನೆಯ ಗೇಜು, ನೋಡೋಕೆ ಚೆಂದ. ಮರುದಿನ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಶುರು ಮಾಡಿದೆ. ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಲೈನಿನ ಪ್ರೆಶರ್ ಇಳಿಸಿಕೊಂಡೆ. ಬ್ಯಾಟರಿಯ ಮೈನಸ್ ತೆಗೆದೆ. ಇಷ್ಟು ಮಾಡಿದರೂ ಪೈಪು ಬಿಚ್ಚಿದಾಗ ಒಂದಿಷ್ಟು ಪೆಟ್ರೋಲ್ ಬಂದೇ ಬರುತ್ತದೆ, ಕೆಳಗೆ ಬಟ್ಟೆ ಹಿಡಿಯಲೇಬೇಕು. ರೇಲಿಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಹೋಗುವ ಪೈಪಿನಲ್ಲಿ ಮೂರು ಬಾಯಿಯ ಟಿ ಫಿಟ್ಟಿಂಗ್ ಕೂಡಿಸಿ, ಅದರ ಮೇಲೆ ಗೇಜು ಹಾಕಿದೆ. ಚೂಡಿಗೆ, ಅಂದರೆ ಥ್ರೆಡ್ಡಿಗೆ, ಟೆಫ್ಲಾನ್ ಟೇಪ್ ಸುತ್ತಲಿಲ್ಲ. ನಲ್ಲಿಗೆ ಅದು ಸರಿ. ಇಲ್ಲಿ ಅದರ ಒಂದು ಎಳೆ ಹರಿದು ಒಳಗೆ ಹೋದರೆ ನೇರ ಇಂಜೆಕ್ಟರ್ ಬಾಯಿಗೇ ಹೋಗಿ ಕೂರುತ್ತದೆ. ಪೆಟ್ರೋಲ್ ತಡೆಯುವ ಸೀಲಂಟ್ ಹಚ್ಚಿದೆ.

ಕೀ ಆನ್ ಮಾಡಿ ಸೋರಿಕೆ ನೋಡಿದೆ. ಇಲ್ಲ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತಲ್ಲೇ ಇಂಜಿನ್ ಸುಮ್ನೆ ಓಡುವಾಗ, ಎರಡೂವರೆ ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಪೆಟ್ರೋಲ್ ಒತ್ತಡ ಕಾಯುವ ರೆಗ್ಯುಲೇಟರ್‌ಗೆ ಇಂಜಿನ್ನಿನ ಸೆಳೆತ ತರುವ ವ್ಯಾಕ್ಯೂಮ್ ಪೈಪು ಕಿತ್ತು ಬೆರಳಿಂದ ಮುಚ್ಚಿದರೆ ಸರಿಯಾಗಿ 3. ಹೇಗಿರಬೇಕೋ ಹಾಗೇ ಇತ್ತು. ಹುಡುಗ ಖುಷಿಯಲ್ಲಿ ಹೋದ.

ಮಧ್ಯಾಹ್ನ ಮೂರಕ್ಕೆ ವಾಪಸ್ ಬಂದ. ಹೊರಗೆ 43 ಡಿಗ್ರಿ ಬಿಸಿಲು. "ಅಣ್ಣಾ, ಮುಳ್ಳು ಕೆಳಗ ಕುಂತದ ನೋಡ್ರಿ." ಬಾನೆಟ್ ಎತ್ತಿದೆ. ಐಡಲ್‌ನಲ್ಲಿ ಎರಡು ಬಾರ್, ಪೈಪು ಕಿತ್ತರೆ ಎರಡೂವರೆ. ಅರ್ಧ ಬಾರ್ ಎಲ್ಲಿ ಹೋಯಿತು? ಹಳೇ ಗಾಡಿ, ದೊಡ್ಡ ಇಂಜೆಕ್ಟರ್, ಮೇಲಿಂದ ಬಿಸಿಲು. ಪಂಪ್ ಸೋತಿದೆ ಅಂದುಬಿಟ್ಟೆ. ಹಿಂದಿನ ಸೀಟು ಎತ್ತಿ, ಟ್ಯಾಂಕಿನಿಂದ ಪಂಪ್ ತೆಗೆದು, ಹೊಸದು ಹಾಕಿದೆ. ಬೆವರಿಗೆ ಸ್ಕ್ರೂಡ್ರೈವರ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಗಾಡಿ ಒಂದು ಸುತ್ತು ಓಡಿಸಿ ಬಂದು ನೋಡಿದರೆ ಮತ್ತೆ ಅದೇ ಎರಡು ಬಾರ್.

ಇಷ್ಟೊತ್ತು ಚಹಾ ಕುಡಿಯುತ್ತಾ ಕೂತಿದ್ದ ನಮ್ಮ ಉಸ್ತಾದ್ ಎದ್ದು ಬಂದರು. ಗೇಜಿನ ನೆತ್ತಿ ಮೇಲಿದ್ದ ಸಣ್ಣ ರಬ್ಬರ್ ಬಿರಡೆಯನ್ನು ಉಗುರಿನಿಂದ ಒಂಚೂರು ಎತ್ತಿದರು. ಫುಸ್ ಅಂತ ಗಾಳಿ ಬಂತು. ಮುಳ್ಳು ಎರಡೂವರೆಗೆ ಏರಿ ನಿಂತಿತು.

"ಇದಕ್ಕ ಉಸಿರಾಡ್ಲಿಕ್ಕ ಜಾಗಾನೇ ಕೊಟ್ಟಿಲ್ಲಲ್ಲೋ ತಮ್ಮಾ."

ನಾನು ಸುಮ್ನೆ ನಿಂತೆ. ಈ ಗೇಜಿನ ಒಳಗೆ ಬಾಗಿದ ಒಂದು ಕೊಳವೆ ಇರುತ್ತದೆ. ಪೆಟ್ರೋಲಿನ ಒತ್ತಡಕ್ಕೆ ಅದು ನೆಟ್ಟಗಾಗಲು ನೋಡುತ್ತದೆ, ಅದು ಅಲುಗಿದಷ್ಟು ಮುಳ್ಳು ತಿರುಗುತ್ತದೆ. ಅಂದರೆ ಅದು ತೋರಿಸುವುದು ಕೊಳವೆ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಇಂಜಿನ್ ಕಾವಿಗೆ ಡಬ್ಬಿಯಲ್ಲಿದ್ದ ಗ್ಲಿಸರಿನ್ ಹಿಗ್ಗಿ, ಮೇಲೆ ಉಳಿದಿದ್ದ ಗಾಳಿಯನ್ನು ಹಿಸುಕಿತ್ತು. ಕೊಳವೆಯನ್ನು ಹೊರಗಿನಿಂದಲೂ ಒತ್ತಲು ಶುರುವಾಯಿತು. ಲೈನಿನಲ್ಲಿ ಒತ್ತಡ ಸರಿಯಾಗೇ ಇತ್ತು, ಮುಳ್ಳು ಮಾತ್ರ ಕಡಿಮೆ ಹೇಳುತ್ತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಯಾಕೆ ಸರಿ ಇತ್ತು ಅಂತ ಆಗ ಹೊಳೆಯಿತು.

ಬೇಜಾರಾಗಿದ್ದು ಇನ್ನೊಂದಕ್ಕೆ. ಉದ್ದ ಪೈಪಿನ ಟೆಸ್ಟ್ ಗೇಜು ನನ್ನ ಪೆಟ್ಟಿಗೆಯಲ್ಲೇ ಇತ್ತು. ಇಂಜಿನ್ ಕಾವಿನಿಂದ ದೂರ ಇಟ್ಟು ಓದಬಹುದಾದ ಗೇಜು. ಪಂಪ್ ಬಿಚ್ಚುವ ಮೊದಲು ಅದನ್ನೊಮ್ಮೆ ಹಾಕಿದ್ದರೆ ಹತ್ತು ನಿಮಿಷದ ಕೆಲಸ.

ಹಾಗಾದರೆ ಗಾಡಿ ಹಿಂದೆ ಜಗ್ಗುತ್ತಿದ್ದುದು ಯಾಕೆ? ಅದು ಓಡಿಸುವಾಗಲೇ ನೋಡಬೇಕಿತ್ತು. ಹುಡುಗ ಗೇಜಿನ ಪೈಪನ್ನೇ ಡ್ಯಾಶ್‌ಬೋರ್ಡಿಗೆ ಎಳೆಯಿರಿ ಅಂದ. ಕೂರುವ ಜಾಗಕ್ಕೆ ಪೆಟ್ರೋಲ್ ಪೈಪು ನಾನು ಎಳೆಯುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಟಿ ಮೇಲೆ ಒತ್ತಡ ಅಳೆದು ವೈರಿನಲ್ಲಿ ಕಳಿಸುವ ಎಲೆಕ್ಟ್ರಿಕ್ ಸೆಂಡರ್ ಹಾಕಿ, ವೈರ್ ಮಾತ್ರ ಒಳಗೆ ತಂದು ಮೀಟರ್ ಕೂಡಿಸಿದೆ. ಸೇಡಂ ರಸ್ತೆಯಲ್ಲಿ ಖಾಲಿ ಜಾಗ ನೋಡಿ ಎಳೆದೆವು. ಪೂರ್ತಿ ಥ್ರಾಟಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ವ್ಯಾಕ್ಯೂಮ್ ಸೆಳೆತ ಇರುವುದಿಲ್ಲ, 3 ನಿಲ್ಲಬೇಕು. ಮೊದಲು ನಿಂತಿತು, ಆರ್‌ಪಿಎಂ ಏರಿದಂತೆ 2.3ಕ್ಕೆ ಇಳಿಯಿತು. ಹೊಸ ಪಂಪಿದ್ದೂ ಇಳಿಯುತ್ತಿದೆ ಅಂದರೆ ದಾರಿಯಲ್ಲೇ ಎಲ್ಲೋ ಅಡ್ಡಿ ಇದೆ, ಅಲ್ವಾ? ವಾಪಸ್ ಬಂದು ಬಾನೆಟ್ ಕೆಳಗೆ ಕೈಗೇ ಸಿಗುವಂತಿದ್ದ ಪೆಟ್ರೋಲ್ ಫಿಲ್ಟರ್ ಬಿಚ್ಚಿ, ಪೆಟ್ರೋಲ್ ಒಳಬರುವ ಬಾಯಿಯಿಂದಲೇ ಮಗ್ಗಿಗೆ ಸುರಿದೆ. ಚಹಾದ ಬಣ್ಣದ ಪೆಟ್ರೋಲ್, ತಳದಲ್ಲಿ ತುಕ್ಕಿನ ಪುಡಿ. ಐಡಲ್‌ಗೆ ಬೇಕಾದಷ್ಟು ಅದು ಬಿಡುತ್ತಿತ್ತು, ಎಳೆದಾಗ ಬೇಕಾದಷ್ಟು ಬಿಡುತ್ತಿರಲಿಲ್ಲ.

ಹೊಸ ಫಿಲ್ಟರ್ ಹಾಕಿದ ಮೇಲೆ ಮೀಟರ್ 3 ಬಿಟ್ಟು ಕದಲಲಿಲ್ಲ. ಹಳೇ ಪಂಪನ್ನೇ ಮತ್ತೆ ಟ್ಯಾಂಕಿಗೆ ಇಳಿಸಿ ಎಳೆದು ನೋಡಿದೆವು. ಅದರಲ್ಲೂ 3. ಹೊಸ ಪಂಪಿನ ದುಡ್ಡು ನನ್ನ ಕೈಯಿಂದ ಹೋಯಿತು. ಅದು ಈಗಲೂ ಶೆಲ್ಫಿನಲ್ಲಿದೆ, ಯಾರ ಗಾಡಿಗಾದರೂ ಬೇಕಾದರೆ ಹೇಳಿ.