ಎಡಕ್ಕೆ ಕೇಳಿದ ಸದ್ದು

ಸದ್ದು ಕಾರಿನ ಹಿಂಬದಿಯ ಎಡಗಡೆಯಿಂದ ಬರುತ್ತಿದೆ ಎಂಬುದರಲ್ಲಿ ನನಗಾಗಲಿ ತಮ್ಮನಿಗಾಗಲಿ ಅನುಮಾನವೇ ಇರಲಿಲ್ಲ. ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಂತೆ ಟಕ್, ಟಕ್‌ಟಕ್. ಜಲ್ಲಿ ಎದ್ದ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ, ಗಂಟೆಗೆ 20 ಕಿಲೋಮೀಟರಿನ ಆಸುಪಾಸಿನಲ್ಲಿ ಹೋಗುವಾಗ ತಪ್ಪದೆ ಕೇಳುತ್ತಿತ್ತು. ವೇಗ ಹೆಚ್ಚಿದರೆ ಟೈರಿನ ಸದ್ದೂ ಗಾಳಿಯ ಸದ್ದೂ ಸೇರಿ ಅದನ್ನು ನುಂಗಿಬಿಡುತ್ತಿದ್ದವು. ಅಪ್ಪ ಹನ್ನೊಂದು ವರ್ಷ ಜತನದಿಂದ ಓಡಿಸಿ ನನ್ನ ಕೈಗೆ ಕೊಟ್ಟ ಕಾರು ಅದು. ಸದ್ದು ಬಂದಾಗಲೆಲ್ಲ ನನ್ನ ಬೆನ್ನಿಗೇ ಯಾರೋ ಕುಟ್ಟಿದಂತಾಗುತ್ತಿತ್ತು.

ತಿಂಗಳ ಹಿಂದೆ ಒಂದು ವರ್ಕ್‌ಶಾಪಿಗೆ ಬಿಟ್ಟಿದ್ದೆ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ ಎಂದು ಹೇಳಿ ಹೊಸವನ್ನು ಹಾಕಿಕೊಟ್ಟರು. ಮನೆಗೆ ಬರುವ ದಾರಿಯಲ್ಲೇ ಟಕ್ ಎಂದಿತು. ಹಳೆಯವನ್ನು ಕೇಳಿ ತಂದಿದ್ದೆ. ಅವುಗಳ ಮೈಮೇಲೆ ಎಣ್ಣೆ ಸೋರಿದ ಗುರುತಿರಲಿಲ್ಲ. ನೆಟ್ಟಗೆ ನಿಲ್ಲಿಸಿ ರಾಡನ್ನು ಒತ್ತಿದರೆ ಮೇಲಿನಿಂದ ಕೆಳಗಿನವರೆಗೂ ಒಂದೇ ಸಮನಾದ ಬಿಗಿ. ಕೆಟ್ಟದ್ದಾಗಿದ್ದರೆ ಎಲ್ಲೋ ನಡುವೆ ಹಿಡಿತ ತಪ್ಪಿ ಕೈ ಒಮ್ಮೆಲೇ ಒಳಕ್ಕೆ ಹೋಗುತ್ತದೆ. ಖರ್ಚಾದದ್ದಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು, ಯಾರೂ ಒಂದು ಗಳಿಗೆ ಕಾರಿನ ಕೆಳಗೆ ಕೈಯಿಟ್ಟು ನೋಡದೆ ತೀರ್ಪು ಕೊಟ್ಟದ್ದು.

ಹಾಗಾಗಿ ಒಂದು ಭಾನುವಾರ ನಾನೂ ತಮ್ಮನೂ ಕುಳಿತೆವು. ಮೊದಲು ಡಿಕ್ಕಿ ಖಾಲಿ ಮಾಡಿದೆವು. ಸ್ಟೆಪ್ನಿ, ಜ್ಯಾಕ್, ಸ್ಪ್ಯಾನರುಗಳ ಚೀಲ ಎಲ್ಲವನ್ನೂ ಹೊರಗಿಟ್ಟು, ಹಿಂದಿನ ಸೀಟಿನ ಕೊಂಡಿಗೆ ಬಟ್ಟೆ ಸುತ್ತಿ ಓಡಿಸಿದೆವು. ಸದ್ದು ಹಾಗೆಯೇ ಇತ್ತು. ಇಷ್ಟನ್ನು ಮಾಡದೆ ಸಸ್ಪೆನ್ಷನ್ ಬಿಚ್ಚಲು ಹೊರಡಬಾರದು. ಸಡಿಲವಾದ ಒಂದು ಜ್ಯಾಕ್ ಎಂಥವರನ್ನೂ ದಿನಗಟ್ಟಲೆ ಅಲೆಸಬಲ್ಲದು. ಸೈಲೆನ್ಸರ್ ತಣ್ಣಗಾದ ಮೇಲೆ ಅಲುಗಿಸಿ ನೋಡಿದೆ, ತೂಗುಹಾಕಿದ ರಬ್ಬರುಗಳು ಗಟ್ಟಿಯಾಗಿದ್ದವು. ಸದ್ದು ಬರುತ್ತಿರುವಾಗಲೇ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ಹೋಗಲು ತಮ್ಮನಿಗೆ ಹೇಳಿದೆ. ಬ್ರೇಕಿನ ಭಾಗಗಳು ಅಲುಗಾಡಿ ಬರುವ ಸದ್ದಾಗಿದ್ದರೆ ಆಗ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಮುಂದಿನ ಸುಳಿವು ಸಿಕ್ಕಿದ್ದು ತಮ್ಮನಿಗೆ. ನಾನು ಹಿಂದಿನ ಸೀಟಿನಲ್ಲಿ ಕುಳಿತು ಕಿವಿಗೊಟ್ಟಿದ್ದೆ. ರಸ್ತೆಯ ದೊಡ್ಡ ಉಬ್ಬನ್ನು ನೇರವಾಗಿ ದಾಟಿದವನೇ ಕಾರು ನಿಲ್ಲಿಸಿದ.

“ಅಕ್ಕಾ, ಸಣ್ಣ ಗುಂಡಿಗೆಲ್ಲ ಬಡಿದುಕೊಳ್ಳುತ್ತದೆ. ಇಷ್ಟು ದೊಡ್ಡ ಉಬ್ಬಿಗೆ ಸದ್ದೇ ಇಲ್ಲವಲ್ಲ?”

ಎಷ್ಟು ವಾರಗಳಿಂದ ಆ ಉಬ್ಬಿನ ಮೇಲೆ ಹಾಯ್ದಿದ್ದೆ, ನನಗೆ ಅದು ಹೊಳೆದಿರಲಿಲ್ಲ. ಹಿಂದಕ್ಕೆ ಬಂದು ಅದೇ ಉಬ್ಬನ್ನು ಓರೆಯಾಗಿ, ಒಂದು ಚಕ್ರ ಮೊದಲು ಇನ್ನೊಂದು ಆಮೇಲೆ ಹತ್ತುವಂತೆ ದಾಟಿದೆವು. ಟಕ್‌ಟಕ್! ಎರಡೂ ಚಕ್ರಗಳು ಒಟ್ಟಿಗೆ ಏರಿಳಿದರೆ ಮೌನ, ಬೇರೆಬೇರೆಯಾಗಿ ಏರಿಳಿದರೆ ಸದ್ದು. ಹಿಂದಿನ ಎರಡು ಚಕ್ರಗಳನ್ನು ಅಡ್ಡಲಾಗಿ ಬೆಸೆಯುವ ಒಂದು ಉಕ್ಕಿನ ಸರಳಿದೆ, ಸ್ಟೆಬಿಲೈಸರ್ ಬಾರ್. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲದಂತೆ ತಡೆಯುವುದು ಅದರ ಕೆಲಸ. ಚಕ್ರಗಳೆರಡೂ ಒಟ್ಟಿಗೆ ಮೇಲೆದ್ದರೆ ಅದು ಸುಮ್ಮನೆ ತನ್ನನ್ನು ಹಿಡಿದಿರುವ ರಬ್ಬರ್ ಬುಷ್‌ಗಳೊಳಗೆ ಹೊರಳುತ್ತದೆ, ಅದಕ್ಕೆ ಕೆಲಸವೇ ಇರುವುದಿಲ್ಲ. ಒಂದು ಮಾತ್ರ ಎದ್ದಾಗ ತಿರುಚಿಕೊಳ್ಳುತ್ತದೆ. ಆಗ ಎಳೆತವೆಲ್ಲ ಬೀಳುವುದು ಅದರ ಎರಡು ತುದಿಗಳಲ್ಲಿರುವ ಗೇಣುದ್ದದ ಜೋಡಣೆ ಕಡ್ಡಿಗಳ, ಅಂದರೆ ಲಿಂಕುಗಳ ಮೇಲೆ.

ಇನ್ನೇನು ಸಿಕ್ಕಿತು ಎಂದುಕೊಂಡು ಎಡಗಡೆ ಜ್ಯಾಕ್ ಕೊಟ್ಟು ಎತ್ತಿದೆವು. ಮುಂದಿನ ಚಕ್ರಗಳಿಗೆ ಹಿಂದೆಮುಂದೆ ಮರದ ಅಡೆ ಇಟ್ಟಿದ್ದೆವು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವನ್ನೇ ಎತ್ತಿದ ಮೇಲೆ ಅದನ್ನು ನಂಬುವಂತಿಲ್ಲ. ಜ್ಯಾಕ್ ಒಂದನ್ನೇ ನೆಚ್ಚಿ ಕೆಳಗೆ ನುಸುಳುವುದನ್ನು ನಾನು ಯಾವತ್ತೂ ಮಾಡುವುದಿಲ್ಲ; ಸ್ಟ್ಯಾಂಡ್ ಕೊಟ್ಟೆವು. ಲಿಂಕನ್ನು ಹಿಡಿದು ಎಳೆದೆ, ತಳ್ಳಿದೆ, ಸಲಾಕೆ ಹಾಕಿ ಮೀಟಿದೆ. ಕಲ್ಲಿನಂತೆ ಕುಳಿತಿತ್ತು. ಬಲಗಡೆ ಎತ್ತಿ ನೋಡಿದರೆ ಅಲ್ಲಿಯೂ ಹಾಗೆಯೇ. ಚಕ್ರವನ್ನು ಹಿಡಿದಿರುವ ಆರ್ಮ್‌ಗಳ ಬುಷ್ ಬಿರುಕು ಬಿಟ್ಟಿರಲಿಲ್ಲ, ಸ್ಪ್ರಿಂಗಿನ ಕೊನೆಯ ಸುತ್ತು ಮುರಿದಿರಲಿಲ್ಲ, ಹೊಸ ಶಾಕ್ ಅಬ್ಸಾರ್ಬರಿನ ಮೇಲಿನ ನಟ್ಟೂ ಬಿಗಿಯಾಗಿತ್ತು. ಮಧ್ಯಾಹ್ನವಾಗಿತ್ತು. ಇಬ್ಬರಿಗೂ ಮಾತು ಬೇಡವಾಗಿತ್ತು.

ತೂಗುಬಿದ್ದ ಚಕ್ರವನ್ನು ನೋಡುತ್ತ ಕುಳಿತಾಗ ತಪ್ಪು ಗೊತ್ತಾಯಿತು. ಒಂದು ಚಕ್ರ ನೆಲದ ಮೇಲಿದೆ, ಇನ್ನೊಂದು ಗಾಳಿಯಲ್ಲಿ ಇಳಿಬಿದ್ದಿದೆ. ಅಂದರೆ ಆ ಸರಳು ಈಗ ಪೂರ್ತಿ ತಿರುಚಿಕೊಂಡು ನಿಂತಿದೆ, ಎರಡು ಲಿಂಕುಗಳನ್ನೂ ಬಿಗಿಯಾಗಿ ಎಳೆದು ಹಿಡಿದಿದೆ. ಒಳಗೆ ಸವೆದಿದ್ದರೂ ಆ ಬಿಗಿಯಲ್ಲಿ ಅಲುಗಾಟ ತೋರುವುದಾದರೂ ಹೇಗೆ? ಪರೀಕ್ಷಿಸಲು ನಾವು ಮಾಡಿಕೊಂಡ ಏರ್ಪಾಡೇ ದೋಷವನ್ನು ಮುಚ್ಚಿಟ್ಟಿತ್ತು.

ಕಾರನ್ನು ಇಳಿಸಿ, ಹಿಂದಿನ ಎರಡೂ ಚಕ್ರಗಳನ್ನು ಸಮ ಎತ್ತರದ ಎರಡು ರ‍್ಯಾಂಪುಗಳ ಮೇಲೆ ಹತ್ತಿಸಿದೆವು. ಭಾರ ಚಕ್ರಗಳ ಮೇಲೆಯೇ ಇತ್ತು, ಸರಳು ನಿರಾಳವಾಗಿತ್ತು. ಮೈಯನ್ನು ಹೊರಗೇ ಇಟ್ಟು ತೋಳನ್ನಷ್ಟೇ ಚಕ್ರದ ಹಿಂದಕ್ಕೆ ಚಾಚಿ ಎಡ ಲಿಂಕಿನ ತುದಿಯನ್ನು ಬೆರಳುಗಳಲ್ಲಿ ಹಿಡಿದೆ. ತಮ್ಮ ಕಾರನ್ನು ಮೇಲೆ ಕೆಳಗೆ ಅದುಮದೆ, ಚಾವಣಿ ಹಿಡಿದು ಪಕ್ಕದಿಂದ ಪಕ್ಕಕ್ಕೆ ತೂಗಿದ. ಸದ್ದು ಬಂತು, ನನ್ನ ತಲೆಯ ಪಕ್ಕದಲ್ಲೇ ಬಂದಂತೆ. ಆದರೆ ಬೆರಳಿಗೆ ಏನೂ ತಾಕಲಿಲ್ಲ.

ಬಲಗಡೆಗೆ ಹೋಗಿ ಅಲ್ಲಿನ ಲಿಂಕನ್ನು ಹಿಡಿದೆ. “ತೂಗು” ಎಂದೆ. ಬೆರಳ ತುದಿಯಲ್ಲಿ ಚಿಟ್ಟೆಂದು ಒಂದು ಬಡಿತ. “ಇನ್ನೊಮ್ಮೆ.” ಮತ್ತೆ ಬಡಿತ, ನಾಡಿ ಸಿಕ್ಕಂತೆ. ಸವೆದದ್ದು ಬಲಗಡೆಯದು. ಅದರ ಪೆಟ್ಟು ಸರಳಿನುದ್ದಕ್ಕೂ ಹರಿದು, ಕಾರಿನ ತಗಡಿಗೆ ದಾಟಿ, ಎಡಗಡೆಯಲ್ಲಿ ನಮಗೆ ಕೇಳಿಸುತ್ತಿತ್ತು. ಉಕ್ಕಿನ ಮೈಯಲ್ಲಿ ಸದ್ದು ಎಲ್ಲಿ ಹುಟ್ಟಿ ಎಲ್ಲಿ ಹೊರಬೀಳುತ್ತದೆ ಎಂಬುದನ್ನು ಕಿವಿಯೊಂದೇ ಹೇಳಲಾರದು ಎಂದು ಓದಿದ್ದೆ. ಅವತ್ತು ಬೆರಳಿಗೆ ತಿಳಿಯಿತು.

ಬಿಚ್ಚುವುದು ಸುಲಭವಾಗಲಿಲ್ಲ. ನಟ್ ತಿರುಗಿಸಿದರೆ ಲಿಂಕಿನ ತುದಿಯ ಕೀಲಿನೊಳಗಿರುವ ಗುಂಡೂ ಅದರ ಬೋಲ್ಟೂ ಜೊತೆಗೇ ಸುತ್ತುತ್ತವೆ. ಅದನ್ನು ತಡೆಯಲು ಬೋಲ್ಟಿನ ತುದಿಯಲ್ಲಿ ಆರು ಮೂಲೆಯ ಒಂದು ಸಣ್ಣ ಕುಳಿ ಇರುತ್ತದೆ, ಅದರೊಳಗೆ ಮಣ್ಣು ಕಲ್ಲಾಗಿತ್ತು. ಸೂಜಿಯಿಂದ ಕೆದಕಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, ಅಲೆನ್ ಕೀಯನ್ನು ತಳದವರೆಗೂ ಕೂರಿಸಿದ ಮೇಲಷ್ಟೇ ಬಲ ಹಾಕಿದೆ. ಅವಸರಪಟ್ಟಿದ್ದರೆ ಕುಳಿಯ ಮೂಲೆಗಳು ಸವೆದು, ಕೊನೆಗೆ ಗರಗಸವೇ ಗತಿಯಾಗುತ್ತಿತ್ತು. ಕೈಗೆ ಬಂದ ಲಿಂಕಿನ ರಬ್ಬರ್ ಟೋಪಿಯಲ್ಲಿ ಉಗುರಗಲದ ಸೀಳಿತ್ತು. ಗ್ರೀಸ್ ತೊಳೆದುಹೋಗಿ ಒಳಗೆ ಕೆಂಪು ನೀರು ನಿಂತಿತ್ತು. ಲಿಂಕನ್ನು ಅಡ್ಡ ಹಿಡಿದರೆ ಗುಂಡಿನ ಬೋಲ್ಟ್ ತನ್ನ ಭಾರಕ್ಕೇ ಕತ್ತು ಬಗ್ಗಿಸಿತು.

ಇನ್ನೊಮ್ಮೆ ಊಹೆಯ ಮೇಲೆ ಹಣ ಹಾಕಲು ನಾನು ಸಿದ್ಧಳಿರಲಿಲ್ಲ. ಎಡಗಡೆಯದನ್ನೂ ಬಿಚ್ಚಿಟ್ಟು, ಸರಳಿನ ತುದಿಗಳು ಎಲ್ಲಿಯೂ ತಾಗದಂತೆ ಕಟ್ಟಿ, ಅದೇ ಜಲ್ಲಿ ರಸ್ತೆಯಲ್ಲಿ ನಿಧಾನವಾಗಿ ಸ್ವಲ್ಪ ದೂರ ಹೋಗಿಬಂದೆವು. ತಿರುವಿನಲ್ಲಿ ಕಾರು ಎಂದಿಗಿಂತ ಹೆಚ್ಚು ವಾಲಿತು. ಸದ್ದು ಮಾತ್ರ ಪೂರ್ತಿ ಇಲ್ಲವಾಗಿತ್ತು.

ಮುಂದಿನ ವಾರ ಎರಡೂ ಕಡೆ ಹೊಸ ಲಿಂಕ್ ಹಾಕಿ, ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ಜಲ್ಲಿ ರಸ್ತೆ ಮುಗಿಯುವವರೆಗೂ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

“ಎಡಗಡೆಯಲ್ಲವೇನಮ್ಮ ಕೇಳಿಸುತ್ತಿದ್ದದ್ದು?”

“ಹೌದಪ್ಪ. ಹೋಗಿದ್ದು ಬಲಗಡೆಯದು.”

ಹಳೆಯ ಲಿಂಕನ್ನು ಅವರ ಕೈಗೆ ಕೊಟ್ಟೆ. ಮನೆ ತಲುಪುವವರೆಗೂ ಅದರ ಗುಂಡನ್ನು ಹೆಬ್ಬೆರಳಿನಿಂದ ಆ ಕಡೆ ಈ ಕಡೆ ಅಲುಗಿಸುತ್ತಲೇ ಇದ್ದರು.