ಬಸ್ಸಿನವರಿಗೆ ವಿಳಾಸ ಇಲ್ಲ

ಜುಲೈ ಮುಗಿಯುತ್ತಾ ಬಂತು. ಮುಂದಿನ ವಾರ ನಾನು ಜರ್ಮನಿ ಬಿಟ್ಟು ಧಾರವಾಡಕ್ಕೆ ವಾಪಸ್. ಎಸ್ಸೆಸ್ಸೆಲ್ಸಿ ಮುಗಿಸಿ ರೋಟರಿ ಯೂತ್ ಎಕ್ಸ್‌ಚೇಂಜ್‌ನಲ್ಲಿ ಬಂದದ್ದು 2024ರ ಆಗಸ್ಟ್‌ನಲ್ಲಿ. ರಾಯ್ಟ್ಲಿಂಗನ್ ಹತ್ತಿರದ ಒಂದು ಸಣ್ಣ ಊರು, ದಕ್ಷಿಣ ಜರ್ಮನಿ. ಈಗ ಊರಿಂದ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಯುರೋಪ್ ಎಲ್ಲಾ ಸುತ್ತಿದೆಯಂತಲ್ಲ, ಯಾವ ಊರು ಚಂದ ಇತ್ತು?

ಬಸ್ಸು ಚಂದ ಇತ್ತು. ಇದು ತಮಾಷೆಗೆ ಹೇಳುತ್ತಿರುವುದಲ್ಲ.

ಈ ಎಕ್ಸ್‌ಚೇಂಜ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 15ರಿಂದ 19 ವರ್ಷದವರು ಒಂದು ವರ್ಷ ಬೇರೆ ದೇಶದಲ್ಲಿದ್ದು ಅಲ್ಲಿನ ಶಾಲೆಗೆ ಹೋಗುತ್ತಾರೆ. ಉಳಿಯುವುದು ಅಲ್ಲಿನವರ ಮನೆಗಳಲ್ಲಿ, ಅದಕ್ಕೆ ಅವರಿಗೆ ಯಾರೂ ದುಡ್ಡು ಕೊಡುವುದಿಲ್ಲ. ವರ್ಷದ ನಡುವೆ ಮನೆ ಬದಲಾಗುತ್ತದೆ, ನನಗೆ ಮೂರು ಮನೆ ಸಿಕ್ಕಿದವು. ಡ್ರಿಂಕಿಂಗ್, ಡ್ರೈವಿಂಗ್, ಡೇಟಿಂಗ್, ಡ್ರಗ್ಸ್ ಈ ನಾಲ್ಕೂ ಕೂಡದು, ಯಾರನ್ನೂ ಕೇಳದೆ ಊರು ಬಿಟ್ಟು ಹೋಗುವಂತೆಯೂ ಇಲ್ಲ. (ಜರ್ಮನಿಯಲ್ಲಿ 16 ತುಂಬಿದರೆ ಬಿಯರ್ ಕುಡಿಯಲು ಕಾನೂನೇ ಬಿಡುತ್ತದೆ. ಹಾಗಾಗಿ ಕ್ಲಾಸಿನವರು ಬಿಯರ್ ಹಿಡಿದು ಕೂತಾಗ ನಾನು ಸೋಡಾ ಬೆರೆಸಿದ ಸೇಬಿನ ಜ್ಯೂಸ್ ಹಿಡಿದು ಕೂತಿರುತ್ತೇನೆ. ಅವ್ವ, ನೀನು ಇದನ್ನು ಓದುತ್ತಿದ್ದರೆ, ನಿಜವಾಗಿಯೂ ಸೇಬಿನ ಜ್ಯೂಸೇ.)

ವರ್ಷ ಮುಗಿಯುವ ಹೊತ್ತಿಗೆ ಎಲ್ಲ ದೇಶದ ಎಕ್ಸ್‌ಚೇಂಜ್ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಯುರೋಪ್ ತೋರಿಸುವ ಟೂರ್ ಇರುತ್ತದೆ. ನಮ್ಮದು ಪ್ರಾಗ್, ವಿಯೆನ್ನಾ, ವೆನಿಸ್, ಬಾರ್ಸಿಲೋನಾ, ಪ್ಯಾರಿಸ್. ಬಸ್ಸಿನಲ್ಲಿ ಬ್ರೆಜಿಲ್, ಮೆಕ್ಸಿಕೋ, ಅರ್ಜೆಂಟೀನಾ, ತೈವಾನ್, ಜಪಾನ್, ಅಮೆರಿಕದವರು. ಇಂಡಿಯಾದವಳು ನಾನೊಬ್ಬಳೇ. ಮಾತೆಲ್ಲ ಜರ್ಮನ್‌ನಲ್ಲಿ. ಎಲ್ಲರದೂ ತಪ್ಪು ಜರ್ಮನ್, ಆದರೆ ಒಬ್ಬೊಬ್ಬರದು ಒಂದೊಂದು ತರದ ತಪ್ಪು. ನಿಜವಾದ ಜರ್ಮನ್ ಆದ ಡ್ರೈವರ್ ಅಂಕಲ್‌ಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ನಮಗೆ ನಮ್ಮದು ಪೂರ್ತಿ ಅರ್ಥವಾಗುತ್ತಿತ್ತು.

ಊರುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ರಾಗ್‌ನಲ್ಲಿ 1410ರ ಗಡಿಯಾರ ಇದೆ. ಗಂಟೆ ಹೊಡೆದಾಗ ಮೇಲಿನ ಕಿಟಕಿಗಳಲ್ಲಿ ಬೊಂಬೆಗಳು ಒಂದು ಸುತ್ತು ಬಂದು ಹೋಗುತ್ತವೆ, ಕಾಯುವುದು ಜಾಸ್ತಿ ನೋಡುವುದು ಕಮ್ಮಿ. ವೆನಿಸ್‌ನಲ್ಲಿ ಜನ ಜಾಸ್ತಿ ಇರುವ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ 2024ರಿಂದ ಪ್ರವೇಶ ಶುಲ್ಕ ಇಟ್ಟಿದ್ದಾರೆ. ಊರಿಗೇ ಟಿಕೆಟ್! ಹಾಗಂತ ಜನ ಕಮ್ಮಿ ಇದ್ದರು ಅಂದುಕೊಳ್ಳಬೇಡಿ. ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚ್ ಒಳಗೆ ಹೋಗಿದ್ದು ಮಾತ್ರ ಅದೃಷ್ಟ. 2019ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಮುಚ್ಚಿದ್ದನ್ನು 2024ರ ಡಿಸೆಂಬರ್‌ನಲ್ಲಷ್ಟೇ ತೆರೆದಿದ್ದಾರೆ, ನನಗಿಂತ ಒಂದು ವರ್ಷ ಮುಂಚೆ ಬಂದವರಿಗೆ ಅದು ಸಿಕ್ಕಿರಲಿಲ್ಲ. ಒಳಗಿನ ಕಲ್ಲು ಎಷ್ಟು ಬೆಳ್ಳಗಿದೆ ಅಂದರೆ ಹಳೆಯದು ಅಂತ ನಂಬಲು ಆಗುವುದಿಲ್ಲ.

ಬಾರ್ಸಿಲೋನಾದಲ್ಲಿ ನನಗೆ ನೆನಪಾಗಿದ್ದು ಮೊದಲ ಮನೆಯ ಅಪ್ಪ. ಅವರ ಊರು ಉಲ್ಮ್. ನಾನು ಹೋದಾಗ ಜಗತ್ತಿನ ಅತಿ ಎತ್ತರದ ಚರ್ಚ್ ಅಲ್ಲಿನದೇ ಆಗಿತ್ತು, 161.5 ಮೀಟರ್. ನನ್ನನ್ನು 768 ಮೆಟ್ಟಿಲು ಹತ್ತಿಸಿದ್ದರು. ನಾವು ಹೋದಾಗ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚ್‌ನಲ್ಲಿ ನಡುವಿನ ಗೋಪುರ ಏಳುತ್ತಿತ್ತು, ಮುಗಿದರೆ 172.5 ಮೀಟರ್ ಆಗುವಂಥದ್ದು. 1882ರಲ್ಲಿ ಶುರುವಾದ ಕಟ್ಟಡ ಅದು, ಅದರ ಶಿಲ್ಪಿ ಗೌಡಿ 1926ರಲ್ಲೇ ಟ್ರಾಮ್ ಬಡಿದು ತೀರಿಕೊಂಡ, ಕೆಲಸ ಇನ್ನೂ ನಡೆಯುತ್ತಲೇ ಇದೆ. ಅಪ್ಪನಿಗೆ ಫೋಟೋ ಕಳಿಸಿದೆ. "ನಮ್ಮದು ಕಟ್ಟಿ ಮುಗಿದಿದೆ, ಅವರದು ಇನ್ನೂ ಮುಗಿದಿಲ್ಲ, ಮುಗಿಯಲಿ ಆಮೇಲೆ ಮಾತಾಡೋಣ" ಅಂತ ಉತ್ತರ ಬಂತು.

ಇನ್ನು ಬಸ್ಸು. ಇಲ್ಲಿ ಬಸ್ ಓಡಿಸುವವರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು, ಅದು ಇಡೀ ಯುರೋಪಿಯನ್ ಯೂನಿಯನ್‌ನ ಕಾನೂನು. ಹಾಗಾಗಿ ನಮಗೆ ಅರಮನೆಗಳಿಗಿಂತ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕ್‌ಗಳ ಪರಿಚಯ ಜಾಸ್ತಿ ಆಯಿತು. ಅಲ್ಲೇ ಪಾರ್ಕಿಂಗ್‌ನಲ್ಲಿ ಬ್ರೆಜಿಲ್‌ನವರು ಸ್ಪೀಕರ್ ಹಚ್ಚಿ ಕುಣಿಯುವುದು, ಜಪಾನ್ ಹುಡುಗ ಯಾವಾಗಲೂ ಸರಿಯಾಗಿ 44ನೇ ನಿಮಿಷಕ್ಕೆ ಬಂದು ಬಾಗಿಲಲ್ಲಿ ನಿಲ್ಲುವುದು. ಜರ್ಮನಿಯಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಡಿಪಾಸಿಟ್ ಇರುತ್ತದೆ, ಖಾಲಿ ಬಾಟಲಿ ಅಂಗಡಿಯ ಮಷಿನ್‌ಗೆ ಹಾಕಿದರೆ ವಾಪಸ್ ಬರುತ್ತದೆ. ಆದರೆ ಜರ್ಮನಿಯ ಬಾಟಲಿಯನ್ನು ಇಟಲಿಯಲ್ಲಾಗಲಿ ಸ್ಪೇನ್‌ನಲ್ಲಾಗಲಿ ಯಾರೂ ತಗೊಳ್ಳುವುದಿಲ್ಲ. ಮೆಕ್ಸಿಕೋದವಳು ಬಿಡಬೇಕಲ್ಲ! ಒಂದು ದೊಡ್ಡ ಚೀಲದ ತುಂಬ ಖಾಲಿ ಬಾಟಲಿಗಳು ನಮ್ಮ ಜೊತೆ ವೆನಿಸ್ ನೋಡಿದವು, ಬಾರ್ಸಿಲೋನಾ ನೋಡಿದವು, ಪ್ಯಾರಿಸ್ ನೋಡಿ ಜರ್ಮನಿಗೆ ಮರಳಿದವು. ಆ ದುಡ್ಡಲ್ಲಿ ಐಸ್‌ಕ್ರೀಮ್ ತಿಂದೆವು.

ವಾಪಸ್ ಬರುವಾಗ ಎಲ್ಲರೂ ಒಟ್ಟಿಗೆ ಇಳಿದಿದ್ದರೆ ಒಂದೇ ಸಲ ಅತ್ತು ಮುಗಿಸಬಹುದಿತ್ತು. ಹಾಗಾಗಲಿಲ್ಲ. ಸಾರ್‌ಬ್ರುಕನ್‌ನಲ್ಲಿ ಕೆಲವರು, ಮಾನ್‌ಹೈಮ್‌ನಲ್ಲಿ ಕೆಲವರು, ಆಮೇಲೆ ಕಾರ್ಲ್ಸ್‌ರೂಹೆ. ಪ್ರತಿ ಸಲ ಬಸ್ಸಿನವರೆಲ್ಲ ಕೆಳಗಿಳಿದು ತಬ್ಬಿಕೊಂಡು ಅಳುವುದು, ಮತ್ತೆ ಹತ್ತುವುದು, ಮೂಗು ಒರೆಸಿಕೊಳ್ಳುವಷ್ಟರಲ್ಲಿ ಮುಂದಿನ ಊರು. ಡ್ರೈವರ್ ಅಂಕಲ್ ಪಾಪ ಒಂದು ಮಾತೂ ಆಡದೆ ಲಗೇಜು ಇಳಿಸಿಕೊಡುತ್ತಿದ್ದರು. ಸ್ಟುಟ್‌ಗಾರ್ಟ್ ಹೊತ್ತಿಗೆ ಉಳಿದಿದ್ದವರಿಗೆ ಅಳಲು ಏನೂ ಉಳಿದಿರಲಿಲ್ಲ, ಸುಮ್ನೆ ಕೂತಿದ್ದೆವು.

ಬರುವ ಮುಂಚೆ ನನಗೆ ಎಲ್ಲರೂ ಹೇಳಿದ್ದು, ಅಲ್ಲಿನ ಮನೆಯವರನ್ನು ಬಿಟ್ಟು ಬರುವುದು ಕಷ್ಟ ಅಂತ. ಕಷ್ಟವೇ. ಆದರೆ ಮನೆಗೆ ವಿಳಾಸ ಇದೆ. ನಾನು ಇಪ್ಪತ್ತೈದನೇ ವಯಸ್ಸಿಗೆ ಬಂದು ಗಂಟೆ ಒತ್ತಿದರೂ ಅದೇ ಬಾಗಿಲು, ಅದೇ ಅಡುಗೆಮನೆ. ಬಸ್ಸಿನವರಿಗೆ ಅದು ಇಲ್ಲ. ಒಬ್ಬೊಬ್ಬರನ್ನು ಎಲ್ಲೋ ಭೇಟಿ ಮಾಡಬಹುದು, ಆದರೆ ಹೀಗೆ ಯಾರಿಗೂ ಸ್ವಂತ ಭಾಷೆಯಲ್ಲದ ಭಾಷೆಯಲ್ಲಿ ಜಗಳ ಆಡಿಕೊಂಡು ಎಲ್ಲರೂ ಒಂದೇ ಕಡೆ ಇರುವುದು ಇನ್ನೆಂದೂ ಆಗುವುದಿಲ್ಲ. ಅವ್ವನಿಗೆ ಇದನ್ನು ಹೇಳಿದರೆ, "ಮದುವಿ ಮನಿ ಖಾಲಿ ಆದಂಗ ಬಿಡ" ಅಂದಳು. ಹೌದು, ಹಾಗೇ.

ಸಹಿ ವಿಷಯ ಹೇಳಲೇಬೇಕು. ವರ್ಷದ ಕೊನೆಯಲ್ಲಿ ಎಲ್ಲರೂ ತಮ್ಮ ದೇಶದ ಬಾವುಟದ ಮೇಲೆ ಗೆಳೆಯರಿಂದ ಬರೆಸಿಕೊಳ್ಳುತ್ತಾರೆ. ಬ್ರೆಜಿಲ್‌ನವರ ಹಸಿರು ಬಾವುಟದಲ್ಲಿ ಕೊನೆಗೆ ಹಸಿರೇ ಕಾಣುತ್ತಿರಲಿಲ್ಲ. ನನ್ನನ್ನೂ ಕೇಳಿದರು, ನಿನ್ನ ಬಾವುಟ ಎಲ್ಲಿ? ನಮ್ಮಲ್ಲಿ ತ್ರಿವರ್ಣದ ಮೇಲೆ ಏನನ್ನೂ ಬರೆಯುವಂತಿಲ್ಲ, 1971ರ ಕಾನೂನೇ ಇದೆ, ಬರೆದರೆ ಅದು ಅವಮಾನ ಮಾಡಿದ ಹಾಗೆ ಅಂದೆ. ಅಮೆರಿಕದವನು ನಂಬಲೇ ಇಲ್ಲ, ಫೋನ್‌ನಲ್ಲಿ ಹುಡುಕಿ ನೋಡಿದ. ನನಗೆ ಇದು ಮೊದಲೇ ಗೊತ್ತಿದ್ದರಿಂದ ಟೂರ್‌ಗೆ ಹೊರಡುವಾಗ ಮೂರನೇ ಮನೆಯ ಓಮಾ, ಅಂದರೆ ಅಜ್ಜಿ, ಅವರಿಂದ ಒಂದು ಹಳೆಯ ಬಿಳಿ ಬೆಡ್‌ಶೀಟ್ ಇಸಿದುಕೊಂಡಿದ್ದೆ. ಡಬಲ್ ಬೆಡ್ಡಿನದು. ಹಾಗಾಗಿ ನನ್ನ ಹತ್ತಿರ ಜಾಗ ಜಾಸ್ತಿ, ತಮ್ಮ ಬಾವುಟದಲ್ಲಿ ಎರಡು ಸಾಲು ಬರೆದವರು ನನ್ನದರಲ್ಲಿ ಪೂರ್ತಿ ಕಾಗದವನ್ನೇ ಬರೆದರು. ತೈವಾನ್ ಹುಡುಗ ಒಂದು ಮೂಲೆಯಲ್ಲಿ ಬಸ್ಸಿನ ಸೀಟು ನಕ್ಷೆ ಬರೆದು ಯಾರು ಎಲ್ಲಿ ಕೂರುತ್ತಿದ್ದರು ಅಂತ ಹೆಸರು ಹಾಕಿದ್ದಾನೆ.

ಟೂರ್ ಮುಗಿದ ಮೇಲೂ ಒಬ್ಬರನ್ನೊಬ್ಬರು ನೋಡಲು ಹೋಗುವುದು ನಿಲ್ಲಲಿಲ್ಲ. ಇಲ್ಲಿ ಒಂದು ತಿಂಗಳ ಟಿಕೆಟ್ ಇದೆ, 2025ರಲ್ಲಿ ಅದಕ್ಕೆ 58 ಯೂರೋ ಇತ್ತು. ಅದರಲ್ಲಿ ದೇಶದ ಎಲ್ಲ ಸಿಟಿ ಬಸ್, ಟ್ರಾಮ್, ಸಣ್ಣ ರೈಲು ಹತ್ತಬಹುದು, ಐಸಿಇ, ಐಸಿ ತರದ ದೂರದ ವೇಗದ ರೈಲುಗಳು ಮಾತ್ರ ಇಲ್ಲ. ಹ್ಯಾಂಬರ್ಗ್ ಕಡೆ ಇದ್ದವಳು ರೈಲು ಬದಲಿಸುತ್ತಾ ಇಡೀ ದಿನ ಕೂತು ಬಂದಳು. ಬಂದವರನ್ನೆಲ್ಲ ನಾನು ರಾಯ್ಟ್ಲಿಂಗನ್‌ನ ಸ್ಪ್ರಾಯರ್‌ಹೋಫ್‌ಸ್ಟ್ರಾಸೆಗೆ ಕರೆದುಕೊಂಡು ಹೋಗುತ್ತಿದ್ದೆ. ಗಿನ್ನೆಸ್ ದಾಖಲೆಯಲ್ಲಿ ಜಗತ್ತಿನ ಅತಿ ಇಕ್ಕಟ್ಟಿನ ಬೀದಿ ಅದು, ತೀರಾ ಕಿರಿದಾದ ಕಡೆ 31 ಸೆಂಟಿಮೀಟರ್. ರೋಟರಿಯವರ ಬ್ಲೇಜರ್ ಹಾಕಿಕೊಂಡು ನೇರ ನಡೆದರೆ ಆಗುವುದಿಲ್ಲ. ವರ್ಷವಿಡೀ ಒಬ್ಬರಿಗೊಬ್ಬರು ಕೊಟ್ಟುಕೊಂಡ ಪಿನ್ನುಗಳನ್ನೆಲ್ಲ ಅದಕ್ಕೇ ಚುಚ್ಚಿರುತ್ತೇವೆ, ಅಡ್ಡ ನಡೆದರೂ ಗೋಡೆಗೆ ಕೆರೆಯುತ್ತದೆ.

ಜೂನ್ 19ಕ್ಕೆ ಎರಡನೇ ಮನೆಯ ಅಣ್ಣ ನನ್ನನ್ನು ಟ್ಯೂಬಿಂಗನ್‌ಗೆ ಎಳೆದುಕೊಂಡು ಹೋದ. ಅಲ್ಲಿ ನೆಕ್ಕಾರ್ ನದಿಯಲ್ಲಿ ಉದ್ದ ಕೋಲನ್ನು ತಳಕ್ಕೆ ಒತ್ತಿ ನಡೆಸುವ ದೋಣಿಗಳಿವೆ, ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಗುಂಪುಗಳು ಪಂದ್ಯ ಆಡುತ್ತವೆ. ಬಣ್ಣಬಣ್ಣದ ವೇಷ, ಸೇತುವೆ ಕಂಬದ ಹತ್ತಿರ ದೋಣಿಗಳೆಲ್ಲ ಸಿಕ್ಕಿಹಾಕಿಕೊಂಡು ಕಿರುಚಾಟ. ಗೆದ್ದವರಿಗೆ ಏನು ಸಿಗುತ್ತದೋ ಯಾರೂ ನೋಡುವುದಿಲ್ಲ, ಸೋತವರನ್ನು ಮಾತ್ರ ಎಲ್ಲರೂ ನೋಡುತ್ತಾರೆ, ಯಾಕೆಂದರೆ ಅವರು ಒಬ್ಬೊಬ್ಬರೂ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ನನಗೆ ದಡದಲ್ಲಿ ನಿಂತೇ ಹೊಟ್ಟೆ ತೊಳೆಸಿತು.

ಇದೇ ಟ್ಯೂಬಿಂಗನ್‌ನಲ್ಲಿ 1903ರಲ್ಲಿ ಕಿಟೆಲ್ ಅವರು ತೀರಿಕೊಂಡದ್ದು. ಧಾರವಾಡದ ನಮಗೆ ಕಿಟೆಲ್ ಅಂದರೆ ಮೊದಲು ಕಾಲೇಜು, ಆಮೇಲೆ ನಿಘಂಟು. 1853ರಲ್ಲಿ, 21 ವರ್ಷಕ್ಕೆ, ನಮ್ಮ ಕಡೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಇದನ್ನೆಲ್ಲ ಹೇಳಿದರೆ ಅಣ್ಣ ಅವರ ಹೆಸರನ್ನೇ ಕೇಳಿರಲಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ನಿಮ್ಮವರ ಪ್ರತಿಮೆ ಇದೆ ಮಾರಾಯ, ನೀವು ಮೀನೆಣ್ಣೆ ಕುಡಿಯುತ್ತಾ ಕೂತಿದ್ದೀರಿ ಅಂದೆ.

ಶಾಲೆಯಲ್ಲಿ ಬೀಳ್ಕೊಡುಗೆ ಉಲ್ಟಾ. ಇಲ್ಲಿ ಹೋಗುವವರೇ ಉಳಿದವರಿಗೆ ತಿನ್ನಿಸಬೇಕು. ಕೇಕ್ ಎಲ್ಲರೂ ತರುತ್ತಾರೆ, ನಾನು ಗಿರ್ಮಿಟ್ ಮಾಡುತ್ತೇನೆ ಅಂದೆ. ಚುರುಮುರಿ ಮತ್ತು ಪುಟಾಣಿ ಸ್ಟುಟ್‌ಗಾರ್ಟ್‌ನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು. ಹುಣಸೆಹಣ್ಣು, ಬೆಲ್ಲ, ಉಳ್ಳಾಗಡ್ಡಿ ಹಾಕಿ ಮನೆಯಲ್ಲೇ ಒಗ್ಗರಣೆ ಮಾಡಿ ಡಬ್ಬಿಯಲ್ಲಿ ಒಯ್ದೆ. ಆದರೆ ಗಿರ್ಮಿಟ್ ಕಲಸಿದ ಕೂಡಲೇ ತಿನ್ನಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಇವರೋ, ಎಲ್ಲರ ತಟ್ಟೆಗೂ ಬಂದು ಯಾರಾದರೂ ಶುರು ಮಾಡಿ ಅನ್ನುವ ತನಕ ಚಮಚ ಮುಟ್ಟದವರು. ಕೊನೆಗೆ ನಾನೇ ಮೇಷ್ಟ್ರ ತರ ಕೂಗಿದೆ, ತಿನ್ರಪ್ಪಾ ಅಂತ, ಕನ್ನಡದಲ್ಲೇ. ತಿಂದರು. ಹಸಿಮೆಣಸಿನಕಾಯಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಿದ್ದನ್ನು ನಾನು ನೋಡಿಯೂ ನೋಡದ ಹಾಗಿದ್ದೆ.

ಎರಡನೇ ಮನೆ ಅಪಾರ್ಟ್‌ಮೆಂಟ್. ಈ ಕಡೆ ಮೆಟ್ಟಿಲು ಗುಡಿಸುವುದು ವಾರಕ್ಕೊಂದು ಮನೆಯ ಪಾಳಿ, ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಫಲಕ ನೇತು ಹಾಕುತ್ತಾರೆ. ಹೋದ ವಾರ ವಿದಾಯ ಹೇಳಲು ಹೋದರೆ ಆ ಫಲಕಕ್ಕೆ ನನ್ನ ಹೆಸರಿನ ಚೀಟಿ ಅಂಟಿಸಿ ಪೊರಕೆ ಒರಗಿಸಿಟ್ಟಿದ್ದರು. ಗುಡಿಸಿ ಬಂದೆ. ಓಮಾ ಮಾತ್ರ ತಮ್ಮ ಸ್ಪೆಟ್ಸ್ಲೆ ಹಲಗೆ ತಗೊಂಡು ಹೋಗು ಅಂತ ಕೂತಿದ್ದಾರೆ. ಸ್ಪೆಟ್ಸ್ಲೆ ಅಂದರೆ ಇಲ್ಲಿನ ಒಂದು ತರದ ಶಾವಿಗೆ. ಹಿಟ್ಟನ್ನು ಆ ಮರದ ಹಲಗೆ ಮೇಲೆ ಹರವಿ ಕುದಿಯುವ ನೀರಿಗೆ ಎಳೆಎಳೆಯಾಗಿ ಕೆರೆದು ಬೀಳಿಸುತ್ತಾರೆ, ನನಗೂ ಕಲಿಸಿದ್ದಾರೆ. ವಿಮಾನದಲ್ಲಿ 23 ಕೆ.ಜಿ. ಮಾತ್ರ. ಅವ್ವನಿಗೆ ಕೇಳಿದರೆ, "ಹಲಗಿ ನಮ್ಮಲ್ಲಿ ಇಲ್ಲೇನ? ಅಂಗಿ ತಗೊಂಡು ಬಾ" ಅನ್ನುತ್ತಾಳೆ. ಅಂಗಿ ಬಿಟ್ಟು ಹಲಗೆ ತುಂಬಿದ್ದೇನೆ. ಬೆಡ್‌ಶೀಟ್ ಕೈಚೀಲದಲ್ಲಿ.

ಊರು ಬಿಡುವ ಮುಂಚೆ ಇಲ್ಲಿನ ಕಚೇರಿಗೆ ಹೋಗಿ, ನಾನು ಇನ್ನು ಇಲ್ಲಿ ವಾಸ ಇಲ್ಲ ಅಂತ ಬರೆದುಕೊಡಬೇಕು. ಅದೂ ಆಯಿತು. ಇನ್ನು ನನ್ನ ಜೊತೆ ಎಸ್ಸೆಸ್ಸೆಲ್ಸಿ ಮುಗಿಸಿದವರು ಈಗ ಸೆಕೆಂಡ್ ಪಿಯು, ನಾನು ಫಸ್ಟ್ ಪಿಯುಗೆ, ಅದೂ ತಡವಾಗಿ ಸೇರಬೇಕು. ಒಂದು ವರ್ಷ ಹಾಳಾಯ್ತಲ್ಲ ಅನ್ನುವ ಮಾವಂದಿರಿಗೆ ನಾನು ಉತ್ತರ ಕೊಡುವುದಿಲ್ಲ, ಅಪ್ಪ ಕೊಡುತ್ತಾರೆ, ಕಳಿಸಿದ್ದು ಅವರೇ.

ಬಸ್ಸಿನವರು ಭಾನುವಾರ ವಿಡಿಯೋ ಕಾಲ್ ಅಂತ ನಿರ್ಧರಿಸಿದ್ದೇವೆ. ನಮ್ಮ ರಾತ್ರಿ 8 ಅಂದರೆ ತೈಪೆಯಲ್ಲಿ ಹತ್ತೂವರೆ, ಸಾವ್ ಪಾವ್ಲೋದಲ್ಲಿ ಬೆಳಗಿನ ಹನ್ನೊಂದೂವರೆ, ಮೆಕ್ಸಿಕೋ ಸಿಟಿಯಲ್ಲಿ ಬೆಳಗಿನ ಎಂಟೂವರೆ. ಮೆಕ್ಸಿಕೋದವಳು ಭಾನುವಾರ ಅಷ್ಟು ಹೊತ್ತಿಗೆ ಏಳುವವಳಲ್ಲ. ಅವಳಿಗೆ ಐದು ನಿಮಿಷ ಮುಂಚೆ ರಿಂಗ್ ಕೊಡುವ ಕೆಲಸ ನನಗೆ ಬಿದ್ದಿದೆ.

ಬಂದ ಮೇಲೆ ಮೊದಲ ವಾರ ಯಾರೂ ಫೋಟೋ ತೋರಿಸು ಅನ್ನಬೇಡಿ. ಎರಡನೇ ವಾರದಿಂದ ನೀವು ಬೇಡ ಅಂದರೂ ನಾನು ಬಿಡುವುದಿಲ್ಲ.