ಕಂಠೀರವದ ಆ ಫೈನಲ್

2018ರ ಮಾರ್ಚ್ 17 ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಲೀಗ್‌ನಲ್ಲಿ 40 ಅಂಕ, ಮೊದಲ ಸ್ಥಾನ, ಫುಟ್‌ಬಾಲ್‌ನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ. ಬೆಂಗಳೂರು ಎಫ್‌ಸಿ ಬಿಟ್ಟು ಇನ್ಯಾರು ಗೆಲ್ತಾರೆ ಅಂದುಕೊಂಡಿದ್ದೆವು. 9ನೇ ನಿಮಿಷದಲ್ಲಿ ನಮ್ಮ ಉದಾಂತ ಬದಿಯಿಂದ ಕ್ರಾಸ್ ಕೊಟ್ಟರು, ಛೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು. ಗೋಲ್! ಪಕ್ಕದಲ್ಲಿದ್ದ ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡೆ. ಆಮೇಲೆ ಎದುರಾಳಿ ಚೆನ್ನೈಯಿನ್ ಎಫ್‌ಸಿಗೆ ಎರಡು ಕಾರ್ನರ್ ಕಿಕ್. ಎರಡು ಸಲವೂ ಅವರ ಮೈಲ್ಸನ್ ಆಲ್ವೆಸ್ ತಲೆಯಿಂದ ಹೊಡೆದ ಹೆಡರ್ ಗೋಲು. ಆಮೇಲೆ ಅವರದ್ದೇ ಮೂರನೆಯ ಗೋಲು. ಕೊನೆಗೆ ನಮ್ಮ ಮಿಕು ಒಂದು ಗೋಲು ಹೊಡೆಯುವಷ್ಟರಲ್ಲಿ ಹೊತ್ತು ಮೀರಿತ್ತು. 3-2ರ ಸೋಲು.

ಮರುವರ್ಷ ಮುಂಬೈನಲ್ಲಿ ಗೋವಾ ವಿರುದ್ಧ ಕಪ್ ಗೆದ್ದೆವು. ರಾಹುಲ್ ಭೆಕೆ ಹೆಡರ್, ಅದೂ ಕಾರ್ನರ್‌ನಿಂದಲೇ! ಮನಸಾರೆ ಕುಣಿದೆವು. ಆದರೂ ಮೊದಲ ಐಎಸ್‌ಎಲ್ ಕಪ್ಪನ್ನ ನಮ್ಮೂರಲ್ಲಿ, ನಮ್ಮ ಜನರ ಮುಂದೆ ಎತ್ತಬೇಕಿತ್ತು ಅಲ್ವಾ?